ಶ್ರೀ ಸಾಲಲಿಲ್ಲ

ಬೆಟಗೇರಿ ಓಣ್ಯಾಗ, ಮಗ್ಗದ ಸಪ್ಪಳದ ಮಗ್ಗಲಕ
ನಮ್ಮ ಪ್ರೆಸ್ಸು.
ಇಪ್ಪತ್ತೆರಡು ವರ್ಷ ನಾನಲ್ಲಿ ಮೊಳಿ ಜೋಡಿಸೀನಿ.
ಉಲ್ಟಾ ಓದೂದು ನನ್ನ ಕಸಬು:
ಸೀಸದಾಗ ಎಲ್ಲಾ ತಿರುವುಮುರುವು,
ಕಾಗದಕ್ಕ ಬಿದ್ದ ಮ್ಯಾಲ ನೆಟ್ಟಗ.
ಹಂಗಿದ್ದೂ ಆ ಮನಶ್ಯಾನ್ನ
ನಾ ನೆಟ್ಟಗ ಓದಿಬಿಟ್ಟೆ.

ಮೊದಲ ಸಲ ಸೈಕಲ್ ಮ್ಯಾಲ ಬಂದಿದ್ದ.
ರೀಮಿನ ಮ್ಯಾಲ ಕುಂತು ಚಾ ಕುಡದ, ಬಶ್ಯಾಗಿಂದೂ ಕುಡದ.
"ಇನ್ನೂರು ಹ್ಯಾಂಡ್‌ಬಿಲ್ ಸಾಕ್ರಿ,
ಉದ್ರಿ ಕೊಡ್ತೀರೇನು?"
ಚೆನ್ನಮಲ್ಲಪ್ಪ ಮಾಸ್ತರು. ಪ್ರವಚನ. ಸಂಜಿ ಆರಕ್ಕ.
ಇಷ್ಟ. ಒಂದು ಶ್ರೀ ಸೈತ ಇರಲಿಲ್ಲ.
ನಾನ ನನ್ನ ಕೈಲೆ ಒಂದು ಹಾಕಿದೆ,
ಹೆಸರು ಬೋಳು ಕಾಣತಿತ್ತಂತ.

ಮರುವರ್ಷ ಎರಡು. ಆಮ್ಯಾಲ ನೂರಾಎಂಟು.
ಆಮ್ಯಾಲ ಹೆಸರ ಹೋತು, ಉಳದದ್ದು ಬರೇ ಬಿರುದು.
ಒಂದು ಪುಟಕ್ಕ ಮೂವತ್ತು ಶ್ರೀ ಬೇಕಾಗಿ
ಖಾನಿ ಖಾಲಿ,
ಊರ ಮಂದಿ ಲಗ್ನಪತ್ರಿಕೆ ಸರದಿ ಕಾಯಕೊಂತ ಬಿದ್ದವು.
ಮಾಲಕ ಹಂಪಣ್ಣ ಹುಬ್ಬಳ್ಳಿಗೆ ಹೋಗಿ
ಎರಡು ಪೌಂಡು ಶ್ರೀ ತಂದ.
ತೂಕಕ್ಕ ಸಿಗತಾವ್ರಿ ಅವು, ಬಜಾರದಾಗ, ಶೇಂಗಾದಂಗ.

ಸೈಕಲ್ ಹೋಗಿ ಜೀಪು ಬಂತು.
ಜೀಪಿನ್ಯಾಗ ಅವ ಇರತಿರಲಿಲ್ಲ, ಅವನ ಮಂದಿ.
ಒಮ್ಮೆ ಅವ ಸತ್ಯಕ್ಕ 'ಸತ್ತ್ಯ' ಅಂತ ಬರದಿದ್ದ.
ತಿದ್ದಿದೆ. ಕಸಬು ಅದ ಅಲ್ಲೇನು.
ಪ್ರೂಫ್ ಹರದು ನನ್ನ ಮುಂದ ಒಗದ್ರು:
"ಅಪ್ಪಾಜಿ ಕೈ ತಪ್ಪೂದಿಲ್ಲ."
ಎರಡು ಸಾವಿರ ಪ್ರತಿ, ಸತ್ತ್ಯ.
ಈಗ ಗುಡ್ಡದ ಬುಡಕ, ಅವನ ಸಾಲ್ಯಾಗ
ಹುಡುಗ್ರು ಪಾಟಿ ಮ್ಯಾಲ ಹಂಗ ಬರೀತಾವಂತ.
ಸರಿ ಬರದ ಹುಡುಗಗ ಛಡಿ ಏಟು.

ನನ್ನ ತಂಗಿ ಫಕ್ಕೀರವ್ವ
ನಾ ಜೋಡಿಸಿದ ಹಾಳಿ ಓದಿ ಹೋದಾಕಿ.
ಹೊಲಿಗಿ ಮಷಿನ್, ಬೆಂಡೋಲಿ,
ಲಕ್ಕುಂಡಿ ಹಾದಿಮ್ಯಾಲಿನ ಎರಡು ಗುಂಟೆ ಜಾಗ.
ಅಕಿ ಸಹಿ ಹಾಕಿದ ಕಾಗದಾನೂ
ನಮ್ಮಲ್ಲೇ ಛಾಪಿಸಿದ್ದು, ಖಾಲಿ ಗೆರಿ ಬಿಟ್ಟು.
ಗಂಡ ಒಂದು ಪಂಕ್ತಿ, ಹೆಂಡತಿ ಒಂದು ಪಂಕ್ತಿ, ಹೆಸರೂ ಬದಲಿ.
ದೀಪಾವಳಿಗೆ ಕರೀಲಿಕ್ಕೆ ಹೋದ್ರ
ಗೇಟಿನಾಗ ನಿಂತು ಕೇಳಿದ್ಲು:
"ತಾವು ಯಾರ ಪೈಕಿ?"
ಕಣ್ಣು ನೆಲದ ಮ್ಯಾಲ.

ಮಗಗ ಜ್ವರ ಬಂದಾಗ ತೀರ್ಥ ಕೊಟ್ರು.
ಒಂಬತ್ತು ದಿನ ಕೊಟ್ರು.
ಗದಗಿನ ದವಾಖಾನಿ ಹದಿನಾರು ಮೈಲು.
ಇದನ್ನ ಜೋಡಿಸೂದು ನನಗ ಬರೂದಿಲ್ಲ.

ಇನ್ನೊಂದು ಹೇಳತೀನಿ.
ಅವನ ಅಷ್ಟೂ ಪುಸ್ತಕ ನನ್ನ ಕೈಯಾಗ ಹುಟ್ಟಿದ್ದು.
ಶ್ರೀ ಸವದು ಸವದು ಮೂಗು ಮೊಂಡಾದವು.
ಮೂಲಿ ಖಾನ್ಯಾಗ ಪ್ರಶ್ನೆ ಚಿಹ್ನೆ ಮಾತ್ರ
ಬಂದಾಗ ಹೆಂಗಿದ್ದವೋ ಹಂಗ, ಹೊಳಕೊಂತ.
ಲಗ್ನಪತ್ರಿಕೆಗೆ, ಬಿಲ್ ಬುಕ್ಕಿಗೆ ಅವು ಬೇಕಾಗೂದಿಲ್ಲ.
ಅವನಿಗೂ ಒಂದೂ ಬೇಕಾಗಲಿಲ್ಲ,
ಹನ್ನೊಂದು ವರ್ಷ.

ಮೊನ್ನೆ ರಾತ್ರಿ, ಕರೆಂಟ್ ಹೋದ ಹೊತ್ತಿನ್ಯಾಗ
ಬಾಗಿಲಾಗ ಅಕಿ.
ಕಾಲಾಗ ಚಪ್ಪಲಿಲ್ಲ, ಮೊಣಕಾಲ ತನಕ ಎರಿಮಣ್ಣು.
ಕಂದೀಲು ಹಚ್ಚಿದೆ. ಗಿರ್ಮಿಟ್ ಪೊಟ್ಟಣ ಬಿಚ್ಚಿಟ್ಟೆ.
ಮುಟ್ಟಲಿಲ್ಲ.
ಭಾಳ ಹೊತ್ತಿನ ಮ್ಯಾಲ, ಗ್ವಾಡಿಗೆ ಕಿವಿ ಐತೇನೋ ಅನ್ನೂವಂಗ:
"ಅಣ್ಣಾ, ಒಂದು ಕೇಳಲೇನು?"
ಅಷ್ಟ. ಅದರ ಮುಂದ ಬಾಯಾಗ ಏನೂ ಬರಲಿಲ್ಲ.

ಮೂಲಿ ಖಾನ್ಯಾಗಿಂದ ಒಂದು ತಗದು
ಅಕಿ ಅಂಗೈಯಾಗ ಇಟ್ಟೆ.
ಕಂದೀಲಿಗೆ ಹಿಡದು ನೋಡಿ
"ಉಲ್ಟಾ ಐತಲ್ಲ" ಅಂದ್ಲು.
ಹೌದವಾ. ಅದು ಇರೂದ ಹಂಗ.

ಹೊರಗ ನಾಯಿ ಬೊಗಳಿದ್ವು.
ದೂರ ಜೀಪಿನ ಸಪ್ಪಳ, ಇಲ್ಲಾ ಟ್ರಕ್ಕಿಂದು.
ಮಷಿನ್ ಮ್ಯಾಲ ನಾಳಿನ ಫರ್ಮಾ ಬಿಗದಿಟ್ಟೈತಿ:
ಅಪ್ಪಾಜಿ ಜಯಂತಿ, ಮೂರು ಸಾವಿರ ಪ್ರತಿ,
ಹಂಪಣ್ಣ ಅಡ್ವಾನ್ಸ್ ತಗೊಂಡಾನ.
ಅಕಿ ಮುಷ್ಟಿ ಬಿಚ್ಚಲಿಲ್ಲ.
ನಾ ಬಿಗಿ ಸಡ್ಲಿಸಿ, ಚಿಮಟಾ ಹಚ್ಚಿ
ಮೊದಲನೇ ಶ್ರೀ ಕಿತ್ತೆ.
ಎರಡನೇದು
ಅಲಗಾಡಲಿಲ್ಲ.